‘ಎರಡೂವರೆ ಗಂಟೆ ಏನೂ ಆಗಲಿಲ್ಲ’: ಲಾಜರೆಸ್ಕು ಸಿನಿಮಾವನ್ನು ನೋಡುವ ಬಗೆ

ಪ್ರಶ್ನೆ: ಚಿತ್ರೋತ್ಸವಗಳಿಗೆ ತಪ್ಪದೆ ಹೋಗುವ ಗೆಳೆಯರೊಬ್ಬರು ‘ದಿ ಡೆತ್ ಆಫ್ ಮಿಸ್ಟರ್ ಲಾಜರೆಸ್ಕು’ ಎಂಬ ರೊಮೇನಿಯಾ ದೇಶದ ಸಿನಿಮಾ ನೋಡಲೇಬೇಕು ಎಂದರು. ಮನೆಯವರೆಲ್ಲ ಟಿ.ವಿ. ಮುಂದೆ ಕೂತೆವು. ಒಬ್ಬ ಮುದುಕ, ತಲೆನೋವು, ಆಂಬುಲೆನ್ಸ್, ಒಂದಾದ ಮೇಲೊಂದು ಆಸ್ಪತ್ರೆ. ಎರಡೂವರೆ ಗಂಟೆ ಇಷ್ಟೇ. ಹಿನ್ನೆಲೆ ಸಂಗೀತ ಇಲ್ಲ, ಕ್ಯಾಮೆರಾ ಅಲ್ಲಾಡುತ್ತಲೇ ಇರುತ್ತದೆ. ಕೊನೆಗೆ ಆಪರೇಷನ್ ಆಯಿತಾ, ಸತ್ತನಾ ಅಂತಲೂ ತೋರಿಸದೆ ಮುಗಿಸಿಬಿಟ್ಟರು. ಮನೆಯವರು ಅರ್ಧಕ್ಕೇ ಎದ್ದು ಹೋದರು. ನಾನು ಪೂರ್ತಿ ನೋಡಿದೆ. ಇದರಲ್ಲಿ ಏನಿದೆ ಅಂತ ಗೊತ್ತಾಗಲಿಲ್ಲ. ಹಾಗಂತ ಮರೆಯಲೂ ಆಗುತ್ತಿಲ್ಲ. ಇಂಥ ನಿಧಾನದ ಸಿನಿಮಾಗಳನ್ನು ನೋಡುವುದು ಹೇಗೆ? ಹೊಗಳುವವರು ನಿಜಕ್ಕೂ ಇಷ್ಟಪಟ್ಟೇ ಹೊಗಳುತ್ತಾರಾ?

ಉತ್ತರ: ಹೌದು, ಇಷ್ಟಪಟ್ಟೇ ಹೊಗಳುತ್ತಾರೆ. ನಾನಂತೂ ಈ ಸಿನಿಮಾವನ್ನು ಮನಸಾರೆ ಮೆಚ್ಚುವವನು. ಆದರೆ ನಿಮಗೆ ಬೇಸರ ಬಂದದ್ದು ತಪ್ಪಲ್ಲ, ಅದಕ್ಕೆ ಸಂಕೋಚ ಬೇಡ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ‘ಮರೆಯಲೂ ಆಗುತ್ತಿಲ್ಲ’ ಅನ್ನುವುದು. ಏನೂ ಆಗದ ಸಿನಿಮಾ ಹಾಗೆ ಮನಸ್ಸಲ್ಲಿ ಉಳಿಯುವುದಿಲ್ಲ. ಏನೋ ಆಗಿದೆ, ಆದರೆ ನಾವು ಕಣ್ಣಿಟ್ಟು ಕಾಯುತ್ತಿದ್ದ ಜಾಗದಲ್ಲಿ ಆಗಿಲ್ಲ.

ಮೊದಲು ಹೆಸರನ್ನೇ ನೋಡಿ. ಲಾಜರೆಸ್ಕು ಅವರ ಸಾವು. ಮುಗಿಯುವುದು ಹೇಗೆ ಅನ್ನುವುದನ್ನು ನಿರ್ದೇಶಕ ಕ್ರಿಸ್ತಿ ಪುಯು ಟಿಕೆಟ್ ಕೊಳ್ಳುವ ಮೊದಲೇ ನಮಗೆ ಹೇಳಿಬಿಟ್ಟಿದ್ದಾರೆ. ಆಸ್ಪತ್ರೆಯ ಕಥೆ ಅಂದ ಕೂಡಲೇ ನಾವು ಕೇಳುವ ಪ್ರಶ್ನೆ ಒಂದೇ: ರೋಗಿ ಬದುಕುತ್ತಾನಾ? ಆ ಪ್ರಶ್ನೆಯನ್ನು ಅವರು ಬಾಗಿಲಲ್ಲೇ ತೆಗೆದಿಟ್ಟಿದ್ದಾರೆ. ಆಮೇಲೆ ಉಳಿಯುವ ಪ್ರಶ್ನೆ, ಈ ಮನುಷ್ಯ ಯಾರ ಯಾರ ಕೈ ದಾಟಿ ಸಾವಿನ ಹತ್ತಿರ ಹೋದ, ಪ್ರತಿ ಕೈಯೂ ಅವನನ್ನು ಯಾಕೆ ಬಿಟ್ಟಿತು ಎಂಬುದು. ನೀವು ಎರಡೂವರೆ ಗಂಟೆ ಮೊದಲ ಪ್ರಶ್ನೆಗೆ ಉತ್ತರ ಕಾದಿದ್ದೀರಿ. ಸಿನಿಮಾ ಅಷ್ಟೂ ಹೊತ್ತು ಎರಡನೆಯದಕ್ಕೆ ಉತ್ತರ ಕೊಡುತ್ತಿತ್ತು.

ಕಥೆಯನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಬುಕಾರೆಸ್ಟ್ ನಗರದ ಒಂದು ಹಳೆ ಅಪಾರ್ಟ್‌ಮೆಂಟ್. ಅರವತ್ತು ದಾಟಿದ ನಿವೃತ್ತ ಎಂಜಿನಿಯರ್ ಲಾಜರೆಸ್ಕು ಒಬ್ಬನೇ ಇದ್ದಾನೆ. ಜೊತೆಗೆ ಬೆಕ್ಕುಗಳು. ಹೆಂಡತಿ ತೀರಿಕೊಂಡಿದ್ದಾಳೆ, ಮಗಳು ಕೆನಡಾದಲ್ಲಿ, ಅಕ್ಕನೋ ತಂಗಿಯೋ ಬೇರೆ ಊರಲ್ಲಿ. ಶನಿವಾರ ರಾತ್ರಿ. ನಾಲ್ಕು ದಿನದಿಂದ ತಲೆನೋವು, ಹೊಟ್ಟೆನೋವು. ಆಂಬುಲೆನ್ಸಿಗೆ ಫೋನ್ ಮಾಡುತ್ತಾನೆ. ಅದು ಬರುವುದಿಲ್ಲ. ಎದುರು ಮನೆಯ ಗಂಡ ಹೆಂಡತಿ ಮಾತ್ರೆ ಕೊಡುತ್ತಾರೆ, ಊಟ ಕೊಡುತ್ತಾರೆ, ಕುಡಿತಕ್ಕೆ ಬೈಯುತ್ತಾರೆ, ಬೆಕ್ಕಿನ ವಾಸನೆಗೂ ಬೈಯುತ್ತಾರೆ. ಕೊನೆಗೆ ಆಂಬುಲೆನ್ಸ್ ಬರುತ್ತದೆ. ಅದರಲ್ಲಿ ಮಿಯೋರಾ ಎಂಬ ನಡುವಯಸ್ಸಿನ ಹೆಂಗಸು. ಅವಳದು ನರ್ಸ್ ತರಹದ ಕೆಲಸ. ಅಲ್ಲಿಂದ ನಾಲ್ಕು ಆಸ್ಪತ್ರೆ. ಅದೇ ರಾತ್ರಿ ದೊಡ್ಡದೊಂದು ಬಸ್ ಅಪಘಾತ ಆಗಿದೆ, ಎಲ್ಲ ಕಡೆ ಗಾಯಾಳುಗಳು. ಬೆಳಗಿನ ಜಾವದ ಹೊತ್ತಿಗೆ ಅವನ ತಲೆ ಬೋಳಿಸಿ, ಮೈ ತೊಳೆದು, ಆಪರೇಷನ್‌ಗೆ ಸಿದ್ಧ ಮಾಡಿ ಮಲಗಿಸುತ್ತಾರೆ. ಪರದೆ ಕಪ್ಪಾಗುತ್ತದೆ.

ಈಗ ಒಂದು ಪ್ರಯೋಗ ಮಾಡಿ. ಈ ಕಥೆಯನ್ನು ನಲವತ್ತು ನಿಮಿಷಕ್ಕೆ ಇಳಿಸಿ ಅಂತ ಯಾರೋ ನಿಮಗೆ ಹೇಳಿದರು ಅಂದುಕೊಳ್ಳಿ. ಏನೇನು ತೆಗೆಯುತ್ತೀರಿ? ನೆರೆಯವರ ಮಾತು ತೆಗೆಯುತ್ತೀರಿ, ಆಂಬುಲೆನ್ಸಿಗೆ ಕಾಯುವ ಹೊತ್ತು ತೆಗೆಯುತ್ತೀರಿ, ಡಾಕ್ಟರುಗಳು ತಮ್ಮತಮ್ಮಲ್ಲೇ ಹರಟುವುದನ್ನು ತೆಗೆಯುತ್ತೀರಿ. ಆಗ ಉಳಿಯುವುದು ರೋಗಿಯನ್ನು ಆಚೆಗೆ ಕಳಿಸುವ ನಾಲ್ಕು ಆಸ್ಪತ್ರೆ, ನಾಲ್ವರು ಕೆಟ್ಟವರು. ಅಂಥ ಸಿನಿಮಾ ನೋಡಿ ನಾವು ಸಿಟ್ಟು ಮಾಡಿಕೊಳ್ಳಬಹುದು, ‘ಛೇ, ಎಂಥ ಜನ’ ಅಂದು ನೆಮ್ಮದಿಯಾಗಿ ಮಲಗಲೂಬಹುದು. ಪುಯು ಅವರಿಗೆ ಬೇಕಾದದ್ದು ಅದಲ್ಲ. ಈ ಸಿನಿಮಾದಲ್ಲಿ ಪೂರ್ತಿ ಕೆಟ್ಟವರು ಅಂತ ಬೆರಳು ತೋರಿಸಲು ಹೆಚ್ಚುಕಡಿಮೆ ಯಾರೂ ಸಿಗುವುದಿಲ್ಲ. ಒಬ್ಬರಿಗೆ ನಿದ್ದೆಯಿಲ್ಲ. ಒಬ್ಬರ ಮುಂದೆ ಬಸ್ಸಿನ ಗಾಯಾಳುಗಳು ಸಾಲಾಗಿ ಮಲಗಿದ್ದಾರೆ. ಒಬ್ಬರಿಗೆ ಕಾನೂನಿನ ಭಯ. ಎದುರು ಮನೆಯವನಿಗೆ ಅವನದೇ ಸಂಸಾರ. ಪ್ರತಿಯೊಬ್ಬರ ಹತ್ತಿರವೂ ಒಂದು ಕಾರಣ ಇದೆ, ಆ ಕಾರಣ ನಮಗೂ ಒಪ್ಪಿಗೆಯಾಗುವಂಥದ್ದೇ. ಆ ಕಾರಣ ಒಪ್ಪಿಗೆಯಾಗಬೇಕಾದರೆ ಆ ಮನುಷ್ಯನ ಜೊತೆ ನಾವು ಸ್ವಲ್ಪ ಹೊತ್ತು ಇರಬೇಕು. ಅದಕ್ಕೇ ಆ ನಿಧಾನ. ಸಾವು ಬರುವುದು ಒಪ್ಪಿಗೆಯಾಗುವಂಥ ಸಣ್ಣ ಸಣ್ಣ ಕಾರಣಗಳೆಲ್ಲ ಒಟ್ಟಾಗಿ. ಇದನ್ನು ಅವಸರದಲ್ಲಿ ತೋರಿಸಲು ಬರುವುದಿಲ್ಲ.

ಎದುರು ಮನೆಯವರ ಭಾಗವನ್ನೇ ತೆಗೆದುಕೊಳ್ಳಿ. ನಿಮ್ಮ ಮನೆಯವರು ಎದ್ದು ಹೋದದ್ದು ಬಹುಶಃ ಅಲ್ಲೇ ಇರಬೇಕು. ಆಂಬುಲೆನ್ಸ್ ಹೊರಡುವ ಮೊದಲು ಬಹಳ ಹೊತ್ತು ಆ ಮನೆಯಲ್ಲೇ ಕಳೆಯುತ್ತದೆ. ಗಂಡ ಹೆಂಡತಿ ಕೆಟ್ಟವರಲ್ಲ. ಮುದುಕನನ್ನು ಎತ್ತಿ ಕೂರಿಸುತ್ತಾರೆ, ತಿರುಗಿ ಫೋನ್ ಮಾಡುತ್ತಾರೆ. ಯಾವ ಮಾತ್ರೆ ಕೊಡಬೇಕು ಅಂತ ಅವರಲ್ಲೇ ಜಗಳ ಆಗುತ್ತದೆ. ಆಮೇಲೆ ಮಿಯೋರಾ ‘ನಿಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೀರಾ?’ ಎಂದು ಕೇಳುತ್ತಾಳೆ. ಆ ಕ್ಷಣ ಅವರ ಮುಖ ನೋಡಬೇಕು. ಅಲ್ಲಿಯವರೆಗೆ ಸಹಾಯ ಮಾಡಿದವರು ತಟ್ಟನೆ ಹಿಂದೆ ಸರಿಯುತ್ತಾರೆ. ಯಾರೂ ದನಿ ಎತ್ತುವುದಿಲ್ಲ. ಒಂದು ನೆಪ, ಅಷ್ಟೇ. ಮುಂದೆ ನಾಲ್ಕು ಆಸ್ಪತ್ರೆಯಲ್ಲಿ ಆಗುವುದು ಇದೇ. ಒಂದು ಹಂತದವರೆಗೆ ಸಹಾಯ, ಆಮೇಲೆ ನೆಪ. ಡಾಕ್ಟರುಗಳ ಕಥೆ ಶುರುವಾಗುವ ಮೊದಲೇ, ನಮ್ಮಂಥ ಸಾಮಾನ್ಯ ಜನರ ಮನೆ ಬಾಗಿಲಲ್ಲೇ ಪುಯು ಇದನ್ನು ತೋರಿಸಿ ಮುಗಿಸಿದ್ದಾರೆ. ಹಾಗಾಗಿ ಇದನ್ನು ಬರೀ ಆಸ್ಪತ್ರೆಗಳ ಮೇಲಿನ ದೂರು ಅಂತ ಓದುವವರ ಮಾತು ನನಗೆ ಒಪ್ಪಿಗೆಯಿಲ್ಲ.

ವೈದ್ಯಕೀಯ ಸಂಗತಿಯೊಂದು ಗೊತ್ತಿದ್ದರೆ ಸಿನಿಮಾ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಲಾಜರೆಸ್ಕುವಿನ ತಲೆಯೊಳಗೆ, ಮಿದುಳಿನ ಮೇಲಿನ ಪೊರೆಯ ಕೆಳಗೆ ರಕ್ತ ಹೆಪ್ಪುಗಟ್ಟುತ್ತಿದೆ. ವೈದ್ಯರು ಇದನ್ನು ಸಬ್‌ಡ್ಯೂರಲ್ ಹೆಮಟೋಮಾ ಅನ್ನುತ್ತಾರೆ. ತಲೆನೋವು, ವಾಂತಿ, ತೊದಲು ಮಾತು, ಗೊಂದಲ, ಸರಿಯಾಗಿ ನಿಲ್ಲಲಾಗದಿರುವುದು ಇದರ ಲಕ್ಷಣಗಳು. ಕುಡಿದವನ ಲಕ್ಷಣಗಳೂ ಇವೇ ಅಲ್ವಾ? ಲಾಜರೆಸ್ಕು ಕುಡಿದದ್ದೂ ನಿಜ. ಅವನ ಬಾಯಿಯ ವಾಸನೆ ಪ್ರತಿ ಆಸ್ಪತ್ರೆಗೂ ಅವನಿಗಿಂತ ಮೊದಲೇ ಹೋಗಿ ಪರಿಚಯ ಹೇಳಿಕೊಳ್ಳುತ್ತದೆ. ಮೊದಲ ಆಸ್ಪತ್ರೆಯ ವೈದ್ಯ ಅವನಿಗೆ ಕುಡಿತದ ಬಗ್ಗೆ ಪಾಠ ಹೇಳುತ್ತಾನೆ. ಆ ಪಾಠ ನಡೆಯುವಾಗ ಗಡಿಯಾರ ಓಡುತ್ತಿದೆ, ಹೆಪ್ಪು ದೊಡ್ಡದಾಗುತ್ತಿದೆ. ಇದು ಪತ್ತೆಯಾಗುವುದು ಎರಡನೆಯ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ. ಅದೂ ಸುಲಭಕ್ಕೆ ಸಿಗುವುದಿಲ್ಲ. ಸ್ಕ್ಯಾನ್‌ನಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ: ಯಕೃತ್ತಿನಲ್ಲಿ ಗಡ್ಡೆ. ತಲೆಯದನ್ನು ಸರಿ ಮಾಡಿದರೂ ಅವನು ಹೆಚ್ಚು ದಿನ ಬದುಕುವುದಿಲ್ಲ. ಇಲ್ಲಿ ಸಿನಿಮಾ ನಮ್ಮ ಕೈಗೇ ಒಂದು ನೆಪ ಕೊಡುತ್ತದೆ. ಹೇಗೂ ಸಾಯುವವನೇ ಆದರೆ ಈ ರಾತ್ರಿ ಇಷ್ಟೆಲ್ಲ ಓಡಾಡಬೇಕಾ? ಮನಸ್ಸಿನ ಮೂಲೆಯಲ್ಲಿ ಆ ಯೋಚನೆ ಸುಳಿದು ಹೋಯಿತು ಅಂದರೆ ನಾವೂ ಆ ಡಾಕ್ಟರುಗಳ ಸಾಲಿನಲ್ಲಿ ಒಂದು ಕ್ಷಣ ನಿಂತ ಹಾಗೆ.

ಹೆಪ್ಪು ಬೆಳೆಯುವುದನ್ನು ಪುಯು ಯಾವ ಗ್ರಾಫಿಕ್ಸ್ ಮೂಲಕವೂ ತೋರಿಸುವುದಿಲ್ಲ. ಅದನ್ನು ತೋರಿಸುವುದು ಒಬ್ಬ ನಟನ ಬಾಯಿ. ಯೊನ್ ಫಿಸ್ಕುತ್ಯಾನು ರಂಗಭೂಮಿಯಲ್ಲಿ ಪಳಗಿದವರು. ಈ ಸಿನಿಮಾ ಬಂದು ಎರಡು ವರ್ಷಕ್ಕೆ, 2007ರಲ್ಲಿ ತೀರಿಕೊಂಡರು. ಮೊದಲ ಅರ್ಧ ಗಂಟೆ ಅವರ ಮಾತು ಕೇಳಿ. ಸಿಡುಕ, ವಾದ ಮಾಡುವವ, ಎಲ್ಲರಿಗೂ ಉತ್ತರ ಕೊಡುವವ. ಸೋದರಿಯ ಜೊತೆ ಫೋನಿನಲ್ಲಿ ಜಗಳಕ್ಕೂ ನಿಲ್ಲುತ್ತಾನೆ. ಎರಡನೆಯ ಆಸ್ಪತ್ರೆಯ ಹೊತ್ತಿಗೆ ನರರೋಗದ ವೈದ್ಯೆ ಕೇಳುವ ಸಣ್ಣ ಪ್ರಶ್ನೆಗಳಿಗೂ ತಡಕಾಡುತ್ತಾನೆ. ಮೂರನೆಯದರಲ್ಲಿ ಮಾತಿಗೆ ಮಾತು ಸೇರುವುದಿಲ್ಲ. ನಾಲ್ಕನೆಯದರಲ್ಲಿ ಬರೀ ಮೈ. ಜಗಳಗಂಟಿ ಮುದುಕ ಸ್ವಲ್ಪಸ್ವಲ್ಪವಾಗಿ ಒಂದು ಮೈ ಆಗಿ ಉಳಿಯುವುದೇ ಈ ಸಿನಿಮಾದ ದೊಡ್ಡ ಘಟನೆ. ಒಂದೊಂದು ಮೆಟ್ಟಿಲು ಎಷ್ಟು ಸಣ್ಣದು ಅಂದರೆ, ಇಳಿಯುವಾಗ ನಮಗೆ ಗೊತ್ತೇ ಆಗುವುದಿಲ್ಲ. ಎರಡನೇ ಸಲ ನೋಡುವಾಗ ಮೊದಲ ಹತ್ತು ನಿಮಿಷ ನೋಡಿ, ಸೀದಾ ಕೊನೆಯ ಹತ್ತು ನಿಮಿಷಕ್ಕೆ ಹೋಗಿ ನೋಡಿ. ಒಬ್ಬನೇ ನಟ ಎಂದು ನಂಬುವುದು ಕಷ್ಟವಾಗುತ್ತದೆ.

ಜೊತೆಗೇ ಇನ್ನೊಂದು ರೇಖೆ ಮೇಲಕ್ಕೆ ಹೋಗುತ್ತದೆ. ಅದು ಮಿಯೋರಾ. ನನ್ನ ಮಟ್ಟಿಗೆ ಸಿನಿಮಾದ ಜೀವ ಅವಳೇ. ಪಾತ್ರ ಮಾಡಿದವರು ಲುಮಿನಿತ್ಸಾ ಗ್ಯೋರ್ಗ್ಯು. ಬಂದಾಗ ಅವಳು ದೇವತೆಯೇನಲ್ಲ. ದಣಿದಿದ್ದಾಳೆ, ಸಿಗರೇಟು ಸೇದುತ್ತಾಳೆ, ಅವಳಿಗೇ ಪಿತ್ತಕೋಶದ ನೋವು ಇದೆ. ಇದು ಅವಳಿಗೆ ಇನ್ನೊಂದು ಡ್ಯೂಟಿ, ಅಷ್ಟೇ. ರೋಗಿಯನ್ನು ಮೊದಲ ಆಸ್ಪತ್ರೆಯಲ್ಲಿ ಬಿಟ್ಟು ಹೋಗಿಬಿಡಬಹುದಿತ್ತು. ಆದರೆ ಅಲ್ಲಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗಬೇಕಾಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಹೋಗ್ತಾ ಹೋಗ್ತಾ ಅವನು ಅವಳ ರೋಗಿಯಾಗುತ್ತಾನೆ. ಯಾವ ನಿಮಿಷದಲ್ಲಿ ಹಾಗಾಯಿತು ಅಂತ ಹೇಳಲು ಬರುವುದಿಲ್ಲ. ಅವಳು ಅತ್ತು ಕರೆಯುವುದಿಲ್ಲ, ಭಾಷಣ ಮಾಡುವುದಿಲ್ಲ. ಸುಮ್ನೆ ನಿಂತಿರುತ್ತಾಳೆ. ದೊಡ್ಡ ಡಾಕ್ಟರುಗಳ ಮುಂದೆ ಗೋಡೆಗೆ ಒರಗಿ, ಮಧ್ಯೆ ಒಂದು ಮಾತು ಸೇರಿಸುತ್ತಾಳೆ, ಬೈಗುಳ ತಿನ್ನುತ್ತಾಳೆ, ಮತ್ತೆ ನಿಲ್ಲುತ್ತಾಳೆ.

ಮೂರನೆಯ ಆಸ್ಪತ್ರೆಯ ದೃಶ್ಯ ನಿಮಗೆ ಖಂಡಿತ ನೆನಪಿರುತ್ತದೆ. ರೋಗ ಏನು ಅಂತ ಗೊತ್ತಾಗಿದೆ, ಆಪರೇಷನ್ ಈಗಲೇ ಆಗಬೇಕು. ಆದರೆ ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಅವನಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ಸರಿಯಾಗಿ ಗೊತ್ತಿಲ್ಲ. ಸಹಿ ಇಲ್ಲದೆ ಮುಟ್ಟುವುದಿಲ್ಲ ಅಂತ ವೈದ್ಯರು. ಪೂರ್ತಿ ಪ್ರಜ್ಞೆ ತಪ್ಪಿದ್ದರೆ ಸಹಿ ಬೇಕಿರಲಿಲ್ಲ. ಆದ್ದರಿಂದ ಅವನನ್ನು ಆಂಬುಲೆನ್ಸಿನಲ್ಲಿ ಇನ್ನಷ್ಟು ಹೊತ್ತು ಸುತ್ತಾಡಿಸಿ, ಪ್ರಜ್ಞೆ ತಪ್ಪಿದ ಮೇಲೆ ಕರೆತನ್ನಿ ಎಂಬ ಮಾತು ಬರುತ್ತದೆ. ಎದುರು ಮಾತಾಡಿದ ಮಿಯೋರಾಳಿಗೆ ‘ನೀನು ನಮಗೆ ಹೇಳಿಕೊಡುತ್ತೀಯಾ?’ ಎಂಬ ಧಾಟಿಯಲ್ಲಿ ಅವಮಾನ. ಒಂದು ಮಾತು ಹೇಳಬೇಕು: ಇಡೀ ಸಿನಿಮಾದಲ್ಲಿ ಪುಯು ಕೈ ಸ್ವಲ್ಪ ಭಾರವಾಗಿ ಬಿದ್ದಿರುವುದು ಇಲ್ಲಿ ಮಾತ್ರ ಅಂತ ನನಗನಿಸುತ್ತದೆ. ಆ ಇಬ್ಬರು ವೈದ್ಯರ ಗರ್ವ ತೀರಾ ಎದ್ದು ಕಾಣುತ್ತದೆ. ಆದರೂ ಅವರ ತರ್ಕ ನೋಡಿ. ಕಾಗದದ ಮೇಲೆ ಅದು ಸರಿ. ನಿಯಮ ಮುರಿಯದೆಯೇ ಒಬ್ಬ ಮನುಷ್ಯನನ್ನು ಸಾಯಲು ಬಿಡಬಹುದು ಅನ್ನುವುದು ಕಣ್ಣಮುಂದೆ ನಡೆಯುತ್ತದೆ.

ಈ ಸಿನಿಮಾದ ಹಿಂದೆ ನಿಜ ಘಟನೆಯೊಂದಿದೆ. 1997ರಲ್ಲಿ ಬುಕಾರೆಸ್ಟ್‌ನಲ್ಲಿ ಒಬ್ಬ ರೋಗಿಯನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸಿದರು. ಯಾರೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಆಂಬುಲೆನ್ಸಿನವರೇ ಅವನನ್ನು ಬೀದಿಯಲ್ಲಿ ಬಿಟ್ಟು ಹೋದರು. ಅವನು ಸತ್ತ. ಪುಯು ಈ ಸುದ್ದಿಯಿಂದ ಕಥೆ ತೆಗೆದುಕೊಂಡು, ಮುಖ್ಯವಾದ ಒಂದು ಕಡೆ ಅದನ್ನು ತಿರುಗಿಸಿದರು. ನಿಜದಲ್ಲಿ ಆಂಬುಲೆನ್ಸಿನವರು ಬಿಟ್ಟು ಹೋದರು. ಸಿನಿಮಾದಲ್ಲಿ ಉಳಿದವರೆಲ್ಲ ಬಿಡುತ್ತಾರೆ, ಆಂಬುಲೆನ್ಸಿನ ಹೆಂಗಸು ಬಿಡುವುದಿಲ್ಲ. ವಾಸ್ತವವಾದಿ ಸಿನಿಮಾ ಅಂದರೆ ಇದ್ದದ್ದನ್ನು ಇದ್ದ ಹಾಗೆ ತೆಗೆಯುವುದು ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ನಿರ್ದೇಶಕ ಮಾಡಿದ್ದು ಅದರ ಉಲ್ಟಾ. ಇಷ್ಟು ದೊಡ್ಡ ಬದಲಾವಣೆ ಮಾಡಿಯೂ ಅದು ಎಲ್ಲಿಯೂ ಕಟ್ಟುಕಥೆ ಅನ್ನಿಸದ ಹಾಗೆ ಸುತ್ತಲಿನ ಪ್ರತಿ ವಿವರವನ್ನೂ ನಿಜದ ತೂಕಕ್ಕೆ ತಂದಿದ್ದಾರೆ.

ಇನ್ನು ಕ್ಯಾಮೆರಾ. ಅಲ್ಲಾಡುತ್ತದೆ ಅಂದಿರಿ. ಅದು ಕೈಯಲ್ಲಿ ಹಿಡಿದ ಕ್ಯಾಮೆರಾ. ಛಾಯಾಗ್ರಾಹಕ ಓಲೆಗ್ ಮುತು. ಅದು ಎಲ್ಲಿ ನಿಂತಿದೆ ಅಂತ ಗಮನಿಸಿ. ಕಾರಿಡಾರಿನಲ್ಲಿ, ಬಾಗಿಲ ಪಕ್ಕದಲ್ಲಿ, ನಿಂತ ಮನುಷ್ಯನ ಕಣ್ಣಿನ ಎತ್ತರದಲ್ಲಿ. ರೋಗಿಯ ಜೊತೆ ಬಂದು, ಏನು ಮಾಡಬೇಕೋ ತೋಚದೆ ಮೂಲೆಯಲ್ಲಿ ನಿಂತ ಸಂಬಂಧಿಕನ ಜಾಗ ಅದು. ಆ ರಾತ್ರಿ ಲಾಜರೆಸ್ಕುವಿನ ಜೊತೆ ಯಾವ ಸಂಬಂಧಿಕನೂ ಬಂದಿಲ್ಲ. ಆ ಜಾಗದಲ್ಲಿ ನಾವಿದ್ದೇವೆ. ಅದಕ್ಕೇ ಕ್ಯಾಮೆರಾ ಹಿಂದಿನ ಕಥೆಗೆ ಹೋಗುವುದಿಲ್ಲ, ಸತ್ತ ಹೆಂಡತಿಯನ್ನು ತೋರಿಸುವುದಿಲ್ಲ, ಕೆನಡಾದ ಮಗಳ ಮನೆಗೆ ಹಾರುವುದಿಲ್ಲ. ಸೋದರಿಯ ಮುಖವನ್ನೂ ತೋರಿಸುವುದಿಲ್ಲ. ಅಲ್ಲಿ ನಿಂತವನಿಗೆ ಕಾಣುವುದಷ್ಟೇ ನಮಗೆ ಕಾಣುತ್ತದೆ, ಕೇಳುವುದಷ್ಟೇ ಕೇಳುತ್ತದೆ. ಸಂಗೀತ ಇಲ್ಲದಿರುವುದಕ್ಕೂ ಕಾರಣ ಇದೇ. ಪಿಟೀಲು ಶುರುವಾದ ಕೂಡಲೇ ನಮಗೆ ಯಾರ ಮೇಲೆ ಕನಿಕರ ಪಡಬೇಕು ಅಂತ ಅಪ್ಪಣೆ ಬಂದ ಹಾಗೆ. ಇಲ್ಲಿ ಆ ಅಪ್ಪಣೆ ಬರುವುದಿಲ್ಲ. ವಾಸನೆ ಬರುವ, ಜಗಳಗಂಟಿ ಕುಡುಕನ ಮೇಲೆ ಕನಿಕರ ಪಡುವುದೋ ಬೇಡವೋ ಎಂಬುದನ್ನು ಆ ರಾತ್ರಿ ಪ್ರತಿ ಡಾಕ್ಟರೂ ನಿರ್ಧರಿಸಬೇಕಾಗಿತ್ತು. ನಾವೂ ನಿರ್ಧರಿಸಬೇಕು.

ಇಷ್ಟು ಕಟ್ಟುನಿಟ್ಟಿನ ಶೈಲಿ ಎಲ್ಲಿಂದ ಬಂತು ಅನ್ನುವುದಕ್ಕೆ ಆ ದೇಶದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಕಮ್ಯುನಿಸ್ಟ್ ಸರ್ವಾಧಿಕಾರಿ ನಿಕೊಲೇ ಚೌಷೆಸ್ಕು ಆಡಳಿತ 1989ರ ಡಿಸೆಂಬರ್‌ವರೆಗೆ ನಡೆಯಿತು. ಆಗ ಸಿನಿಮಾಗಳಲ್ಲಿ ನೇರವಾಗಿ ಮಾತಾಡುವ ಹಾಗಿರಲಿಲ್ಲ. ನಿಜ ಹೇಳಬೇಕೆಂದವರು ರೂಪಕ, ಸಂಕೇತ, ಒಗಟಿನ ಮೊರೆ ಹೋಗಬೇಕಾಗಿತ್ತು. ನಿರ್ದೇಶಕ ಲೂಚಿಯಾನ್ ಪಿಂತಿಲಿಯೆ ಅರವತ್ತರ ದಶಕದ ಕೊನೆಯಲ್ಲಿ ನೇರವಾಗಿ ತೆಗೆದ ‘ರಿಕನ್‌ಸ್ಟ್ರಕ್ಷನ್’ ಸಿನಿಮಾವನ್ನು ಸರಕಾರ ಅದುಮಿಟ್ಟಿತು. ಇಂಥ ವಾತಾವರಣದಲ್ಲಿ ಬೆಳೆದ ಹುಡುಗರು ದೊಡ್ಡವರಾಗಿ ಕ್ಯಾಮೆರಾ ಹಿಡಿದಾಗ ಅವರಿಗೆ ಒಗಟು ಸಾಕಾಗಿತ್ತು. ಒಂದು ಅಡುಗೆಮನೆಯನ್ನು ಅಡುಗೆಮನೆಯಾಗಿ, ಒಂದು ಸುಳ್ಳನ್ನು ಸುಳ್ಳಾಗಿ ತೋರಿಸಬೇಕಿತ್ತು. ಕೈಯಲ್ಲಿ ದುಡ್ಡೂ ಕಡಿಮೆ. 2001ರಲ್ಲಿ ಪುಯು ಅವರ ಮೊದಲ ಸಿನಿಮಾ ‘ಸ್ಟಫ್ ಅಂಡ್ ಡೋ’ ಬಂತು. 2005ರಲ್ಲಿ ಲಾಜರೆಸ್ಕು ಕಾನ್ ಚಿತ್ರೋತ್ಸವದ ‘ಅನ್ ಸರ್ಟನ್ ರಿಗಾರ್’ ವಿಭಾಗದ ಮೊದಲ ಬಹುಮಾನ ಗೆದ್ದಿತು. ಮರುವರ್ಷ ಕೊರ್ನೆಲಿಯು ಪೊರುಂಬೊಯು ಅವರ ಮೊದಲ ಸಿನಿಮಾಕ್ಕೆ ಅಲ್ಲೇ ಬಹುಮಾನ. 2007ರಲ್ಲಿ ಕ್ರಿಸ್ತಿಯಾನ್ ಮುಂಜಿಯು ಅವರ ‘4 ಮಂತ್ಸ್, 3 ವೀಕ್ಸ್ ಅಂಡ್ 2 ಡೇಸ್’ ಕಾನ್‌ನ ಅತಿ ದೊಡ್ಡ ಪ್ರಶಸ್ತಿಯಾದ ಪಾಮ್ ಡಿ’ಓರ್ ಪಡೆಯಿತು. ವಿಮರ್ಶಕರು ಇದಕ್ಕೆಲ್ಲ ಒಟ್ಟಾಗಿ ರೊಮೇನಿಯಾದ ಹೊಸ ಅಲೆ ಅಂತ ಹೆಸರಿಟ್ಟರು.

ಮುಂಜಿಯು ಅವರ ಸಿನಿಮಾದ ಒಂದು ದೃಶ್ಯದ ಬಗ್ಗೆ ಹೇಳಲೇಬೇಕು. ನಿಧಾನ ಎಂಬುದು ಎಷ್ಟು ತೀಕ್ಷ್ಣವಾಗಬಲ್ಲದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಥೆ ನಡೆಯುವುದು 1987ರಲ್ಲಿ. 1966ರ ಸರಕಾರಿ ಆಜ್ಞೆಯೊಂದು ಗರ್ಭಪಾತವನ್ನು ನಿಷೇಧಿಸಿತ್ತು. ಕದ್ದುಮುಚ್ಚಿ ಮಾಡಿಸಿಕೊಳ್ಳಲು ಹೋಗಿ ಆ ವರ್ಷಗಳಲ್ಲಿ ಸಾವಿರಾರು ಹೆಂಗಸರು ಸತ್ತರು. ಒತಿಲಿಯಾ ಎಂಬ ವಿದ್ಯಾರ್ಥಿನಿ ತನ್ನ ಗೆಳತಿಗೆ ಹೋಟೆಲ್ ರೂಮಿನಲ್ಲಿ ಗರ್ಭಪಾತ ಮಾಡಿಸಲು ನೆರವಾಗುತ್ತಿದ್ದಾಳೆ. ಆ ನೆರವಿಗೆ ಅವಳು ಕೊಟ್ಟ ಬೆಲೆ ಭಯಂಕರವಾದದ್ದು. ಗೆಳತಿಯನ್ನು ರೂಮಿನಲ್ಲಿ ಮಲಗಿಸಿ, ಬೇರೆ ದಾರಿಯಿಲ್ಲದೆ ತನ್ನ ಹುಡುಗನ ಮನೆಗೆ ಬರುತ್ತಾಳೆ. ಅವನ ತಾಯಿಯ ಹುಟ್ಟುಹಬ್ಬ. ಊಟದ ಮೇಜಿನ ಸುತ್ತ ಹಿರಿಯರು. ಅಡುಗೆಯ ಮಾತು, ಈ ಕಾಲದ ಹುಡುಗರ ಮಾತು, ನಗು. ಕ್ಯಾಮೆರಾ ಒತಿಲಿಯಾಳ ಎದುರಿಗೆ ಕೂತುಬಿಡುತ್ತದೆ. ನಿಮಿಷಗಟ್ಟಲೆ ಅಲ್ಲಾಡುವುದಿಲ್ಲ, ಒಂದು ಕಟ್ ಇಲ್ಲ. ಅವಳು ಹೆಚ್ಚೇನೂ ಹೇಳುವುದಿಲ್ಲ. ಒಳಗೆ ಎಲ್ಲೋ ಫೋನ್ ಹೊಡೆದುಕೊಳ್ಳುತ್ತದೆ. ಯಾರೂ ಎದ್ದು ಹೋಗುವುದಿಲ್ಲ. ಆ ಫೋನ್ ಹೋಟೆಲ್ಲಿನಿಂದ ಬಂದಿರಬಹುದಾ? ಅವಳೂ ಅದನ್ನೇ ಯೋಚಿಸುತ್ತಿದ್ದಾಳೆ ಅನ್ನುವುದು ಮುಖದಲ್ಲಿ ಕಾಣುತ್ತದೆ. ನಡುವೆ ಒಂದು ಸಲ ಹೋಟೆಲ್ ರೂಮಿನ ಕಡೆ ಕಟ್ ಮಾಡಿದ್ದರೆ ನಮಗೆ ಉಸಿರು ಬಿಡಲು ಜಾಗ ಸಿಗುತ್ತಿತ್ತು. ಮುಂಜಿಯು ಅದನ್ನು ಕೊಡುವುದಿಲ್ಲ. ಒತಿಲಿಯಾಳಿಗೆ ಎದ್ದು ಹೋಗಲು ಆಗುತ್ತಿಲ್ಲ, ನಮಗೂ ಆಗಬಾರದು. ಇಲ್ಲಿಯೂ ಛಾಯಾಗ್ರಾಹಕ ಓಲೆಗ್ ಮುತು ಅವರೇ. ಲಾಜರೆಸ್ಕುವಿನಲ್ಲಿ ಸದಾ ಅಲುಗಾಡಿದ ಅದೇ ಕೈ ಇಲ್ಲಿ ಕಲ್ಲಿನ ಹಾಗೆ ನಿಂತಿದೆ.

ಹಾಗಾದರೆ ನಿಧಾನವಾಗಿದ್ದದ್ದೆಲ್ಲ ಒಳ್ಳೆಯ ಸಿನಿಮಾವಾ? ಖಂಡಿತ ಅಲ್ಲ. ಚಿತ್ರೋತ್ಸವಗಳಲ್ಲಿ ಈ ಧಾಟಿಯನ್ನು ಅನುಕರಿಸಿ ತೆಗೆದ, ಗೋಡೆಯನ್ನೂ ಕಿಟಕಿಯನ್ನೂ ಸುಮ್ಮನೆ ದಿಟ್ಟಿಸುವ ಸಿನಿಮಾಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನು ಹಾಕುವ ಪರೀಕ್ಷೆ ಇದು: ಈ ಹೆಚ್ಚಿನ ಹೊತ್ತಿನಲ್ಲಿ ಏನಾದರೂ ಬದಲಾಗುತ್ತಿದೆಯಾ? ಒಬ್ಬರ ದನಿ, ಒಬ್ಬರ ಮೇಲೆ ನಮಗಿದ್ದ ಅಭಿಪ್ರಾಯ, ಕೋಣೆಯೊಳಗೆ ಯಾರ ಮಾತು ನಡೆಯುತ್ತದೆ ಎಂಬುದು, ಏನಾದರೊಂದು. ಲಾಜರೆಸ್ಕುವಿನಲ್ಲಿ ಪ್ರತಿ ಐದು ನಿಮಿಷಕ್ಕೂ ಏನೋ ಒಂದು ಬದಲಾಗಿರುತ್ತದೆ. ಏನೂ ಬದಲಾಗದಿದ್ದರೆ, ನಿರ್ದೇಶಕರು ಎಷ್ಟೇ ದೊಡ್ಡವರಾಗಲಿ, ನಿಮ್ಮ ಬೇಸರ ನ್ಯಾಯವಾದದ್ದೇ.

ಹೆಸರುಗಳ ಬಗ್ಗೆಯೂ ಯಾರಾದರೂ ನಿಮಗೆ ಹೇಳಿರಬಹುದು. ನಾಯಕನ ಪೂರ್ತಿ ಹೆಸರು ದಾಂತೆ ರೆಮುಸ್ ಲಾಜರೆಸ್ಕು. ನರಕದ ಸುತ್ತುಗಳನ್ನು ಹಾದುಬಂದ ಕಥೆ ಬರೆದ ಇಟಲಿಯ ಕವಿ ದಾಂತೆ, ಬೈಬಲ್ಲಿನಲ್ಲಿ ಸತ್ತು ಮತ್ತೆ ಎದ್ದುಬಂದ ಲಾಜರಸ್. ದಾಂತೆಗೆ ದಾರಿ ತೋರಿಸಿದವನು ವರ್ಜಿಲ್. ಇಲ್ಲಿ ಭಾವನ ಹೆಸರು ವರ್ಜಿಲ್, ಅವನು ಬರುವುದೇ ಇಲ್ಲ. ಗೊತ್ತಿದ್ದರೆ ಚೆಂದ. ಆದರೆ ಸಿನಿಮಾವನ್ನು ಆ ಕೀಲಿಯಿಂದಲೇ ತೆರೆಯಬೇಕು ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ದಾಂತೆಯ ಹೆಸರೇ ಕೇಳದವರಿಗೂ ಮಿಯೋರಾ ಗೋಡೆಗೆ ಒರಗಿ ನಿಂತದ್ದು ಅರ್ಥವಾಗುತ್ತದೆ.

ಕೊನೆಯ ಬಗ್ಗೆ ನಿಮ್ಮ ತಕರಾರಿಗೆ ಬರುತ್ತೇನೆ. ನಾಲ್ಕನೆಯ ಆಸ್ಪತ್ರೆಯಲ್ಲಿ ಅವನನ್ನು ಸೇರಿಸಿಕೊಳ್ಳುತ್ತಾರೆ. ಮಿಯೋರಾಳ ಕೆಲಸ ಮುಗಿಯಿತು, ಅವಳು ಹೋಗುತ್ತಾಳೆ. ಆಮೇಲೂ ಸಿನಿಮಾ ಸ್ವಲ್ಪ ಹೊತ್ತು ಉಳಿಯುತ್ತದೆ. ಇಬ್ಬರು ಹೆಂಗಸರು ಅವನ ಬಟ್ಟೆ ಬಿಚ್ಚಿ, ಮೈ ತೊಳೆದು, ಕೂದಲು ಬೋಳಿಸುತ್ತಾರೆ. ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಾ, ಒರಟಾಗಿಯೂ ಅಲ್ಲ, ವಿಶೇಷ ಮಮತೆಯಿಂದಲೂ ಅಲ್ಲ. ಆಪರೇಷನ್‌ಗೆ ಸಿದ್ಧ ಮಾಡುತ್ತಿದ್ದಾರೆ. ಹೆಣವನ್ನು ಸಿದ್ಧ ಮಾಡುವುದೂ ಹೀಗೇ. ಎರಡರಲ್ಲಿ ಯಾವುದನ್ನು ನೋಡುತ್ತಿದ್ದೇವೆ ಅನ್ನುವುದು ಆ ಹೊತ್ತಿನಲ್ಲಿ ಬೇರೆಯಾಗಿ ಕಾಣುವುದಿಲ್ಲ. ಆಪರೇಷನ್ ತೋರಿಸಿದ್ದರೆ ನಮ್ಮ ಗಮನ ಮತ್ತೆ ‘ಬದುಕುತ್ತಾನಾ’ ಅನ್ನುವ ಕಡೆಗೆ ಓಡುತ್ತಿತ್ತು. ಯಂತ್ರದ ಮೇಲಿನ ಗೆರೆ ನೋಡುತ್ತಾ ಕೂರುತ್ತಿದ್ದೆವು. ಪುಯು ಹೇಳಬೇಕಾದದ್ದು ಅದಕ್ಕೆ ಮೊದಲೇ ಮುಗಿದಿತ್ತು. ಅಲ್ಲಿ ನಿಲ್ಲಿಸಿದ್ದು ನನಗೆ ಪೂರ್ತಿ ಸರಿ ಅನ್ನಿಸುತ್ತದೆ.

ಇನ್ನು ನೋಡುವ ರೀತಿ. ಮನೆಯವರೆಲ್ಲರ ಜೊತೆ, ದೀಪ ಹಾಕಿಕೊಂಡು, ಊಟ ಮಾಡುತ್ತಾ ನೋಡುವ ಸಿನಿಮಾ ಇದಲ್ಲ. ಒಬ್ಬರೇ ನೋಡಿ, ಅಥವಾ ಆಸಕ್ತಿಯಿರುವ ಒಬ್ಬರ ಜೊತೆ. ಫೋನ್ ಬೇರೆ ಕೋಣೆಯಲ್ಲಿರಲಿ, ಏಕೆಂದರೆ ಈ ಸಿನಿಮಾದಲ್ಲಿ ಏನು ಮುಖ್ಯ ಅಂತ ಸಂಗೀತವಾಗಲಿ ಕ್ಲೋಸ್‌ಅಪ್ ಆಗಲಿ ಎಚ್ಚರಿಸುವುದಿಲ್ಲ. ಎರಡು ನಿಮಿಷ ಕಣ್ಣು ತಪ್ಪಿದರೆ ಹೋಯಿತು. ಒಂದೇ ಸಲ ಕೂತು ನೋಡಿ, ಕಂತು ಕಂತಾಗಿ ಬೇಡ. ಲಾಜರೆಸ್ಕುವಿನ ಜೊತೆ ನಾವೂ ದಣಿಯಬೇಕು. ನಾಲ್ಕನೆಯ ಆಸ್ಪತ್ರೆಯಲ್ಲಿ ನಮಗೂ ಮಿಯೋರಾಳಷ್ಟೇ ಸುಸ್ತಾಗಿದ್ದರೆ ಆಗ ಅವಳು ಮಾಡಿದ್ದರ ತೂಕ ಗೊತ್ತಾಗುತ್ತದೆ. ನಗು ಬಂದರೆ ನಗಿ. ಇದರಲ್ಲಿ ನಗು ಬೇಕಾದಷ್ಟಿದೆ, ನೆರೆಯವರ ಮಾತ್ರೆ ಜಗಳ ಒಳ್ಳೆಯ ಹಾಸ್ಯ ನಾಟಕದ ದೃಶ್ಯದ ಹಾಗಿದೆ. ಸಾವಿನ ಸಿನಿಮಾ ಅಂತ ಗಂಭೀರವಾಗಿ ಕೂತವರು ಅರ್ಧ ಸಿನಿಮಾ ಕಳೆದುಕೊಳ್ಳುತ್ತಾರೆ. ಇನ್ನೊಂದು ಸಲ ನೋಡುವುದಾದರೆ ಲಾಜರೆಸ್ಕುವನ್ನು ಬಿಟ್ಟು ಮಿಯೋರಾಳನ್ನೇ ನೋಡಿ, ಅವಳು ಮಾತಾಡದೆ ಇರುವಾಗಲೂ.

ಈಗಲೇ ಮತ್ತೆ ಅದನ್ನೇ ನೋಡುವ ಮನಸ್ಸಿಲ್ಲದಿದ್ದರೆ ಪೊರುಂಬೊಯು ಅವರ ‘12:08 ಈಸ್ಟ್ ಆಫ್ ಬುಕಾರೆಸ್ಟ್’ ನೋಡಿ. ಒಂದೂವರೆ ಗಂಟೆಯದು. ಸಣ್ಣ ಊರಿನ ಟಿ.ವಿ. ಚಾನೆಲ್‌ನಲ್ಲಿ ಮೂವರು ಕೂತು, 1989ರಲ್ಲಿ ನಮ್ಮೂರಲ್ಲಿ ಕ್ರಾಂತಿ ಆಯಿತೋ ಇಲ್ಲವೋ ಎಂದು ವಾದ ಮಾಡುತ್ತಾರೆ. ಅಂದರೆ, ಚೌಷೆಸ್ಕು ಓಡಿಹೋಗುವ ಮೊದಲೇ ಇವರು ಚೌಕಕ್ಕೆ ಬಂದಿದ್ದರಾ, ಆಮೇಲೆ ಬಂದರಾ ಎಂಬುದು ಪ್ರಶ್ನೆ. ಎದ್ದು ಹೋದ ನಿಮ್ಮ ಮನೆಯವರೂ ಇದನ್ನು ಕೂತು ನೋಡಿಯಾರು. ಆಮೇಲೆ ಮುಂಜಿಯು ಅವರ ಸಿನಿಮಾ. ಆಸ್ಪತ್ರೆಗಳ ವಿಷಯವೇ ನಿಮ್ಮನ್ನು ಕಾಡುತ್ತಿದ್ದರೆ ಅಲೆಕ್ಸಾಂಡರ್ ನನಾವು ಅವರ ಸಾಕ್ಷ್ಯಚಿತ್ರ ‘ಕಲೆಕ್ಟಿವ್’ ಇದೆ. 2015ರಲ್ಲಿ ಬುಕಾರೆಸ್ಟ್‌ನ ಒಂದು ಕ್ಲಬ್ಬಿಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಯಿಂದ ಪಾರಾಗಿ ಬಂದವರಲ್ಲಿ ಹಲವರು ಆಸ್ಪತ್ರೆಯಲ್ಲಿ ಸೋಂಕು ತಗುಲಿ ಸತ್ತರು. ಆಸ್ಪತ್ರೆಗಳಿಗೆ ಪೂರೈಸಿದ ಸೋಂಕುನಾಶಕಕ್ಕೆ ನೀರು ಬೆರೆಸಿದ್ದನ್ನು ಒಂದು ಕ್ರೀಡಾ ಪತ್ರಿಕೆಯ ವರದಿಗಾರರು ಬಯಲಿಗೆ ತಂದರು. ಪುಯು ಕಥೆಯಾಗಿ ಹೇಳಿದ್ದಕ್ಕೆ ಹತ್ತು ವರ್ಷದ ನಂತರ ಅದೇ ಊರಿನಲ್ಲಿ ಆದದ್ದು ಇದು. ಪುಯು ಅವರ ‘ಸಿಯೆರಾನೆವಾಡಾ’, ‘ಅರೋರಾ’ ಸದ್ಯಕ್ಕೆ ಬೇಡ. ಎರಡೂ ಮೂರು ಗಂಟೆಯ ಆಸುಪಾಸಿನವು. ಲಾಜರೆಸ್ಕುವನ್ನು ಎರಡನೆಯ ಸಲ ನೋಡಿ ಮುಗಿಸಿದ ಮೇಲೆ ಅವುಗಳ ಕಡೆ ಹೋಗಬಹುದು.